ಎರಕದ ಗುಂಡು ಇವತ್ತು ಗುರಿಗೆ, ನಾಳೆ ಎಲ್ಲೆಲ್ಲಿಗೋ: ತಪ್ಪು ಎಲ್ಲಿದೆ?

ಓದುಗರ ಪ್ರಶ್ನೆ: ನಾನು ಟೆಕ್ಸಾಸ್‌ನಲ್ಲಿ ನೆಲೆಸಿರುವ ಕನ್ನಡಿಗ, ಗ್ರೀನ್ ಕಾರ್ಡ್ ಇದೆ. ನನ್ನ ಹತ್ತಿರ .30-30 ಕ್ಯಾಲಿಬರಿನ ಹಳೆಯ ಮಾರ್ಲಿನ್ 336 ಲಿವರ್ ರೈಫಲ್ ಇದೆ, ಮೈಕ್ರೋ-ಗ್ರೂವ್ ನಳಿಗೆಯದು. ಅಂಗಡಿಯಲ್ಲಿ ಸಿಗುವ 170 ಗ್ರೇನಿನ (ಸುಮಾರು 11 ಗ್ರಾಂ) ತಾಮ್ರದ ಹೊದಿಕೆಯ ತೋಟಾ ಹಾಕಿದರೆ 100 ಗಜದಲ್ಲಿ ಎರಡೂವರೆ ಇಂಚಿನೊಳಗೆ ಬೀಳುತ್ತದೆ. ಒಂದು ವರ್ಷದಿಂದ ನಾನೇ ಗುಂಡು ಎರಕ ಹೊಯ್ದು ತೋಟಾ ತುಂಬುತ್ತಿದ್ದೇನೆ. ಲೀ ಕಂಪನಿಯ 170 ಗ್ರೇನ್ ಚಪ್ಪಟೆ ಮೂತಿಯ ಅಚ್ಚು, ಕಾರಿನ ಚಕ್ರಕ್ಕೆ ಹಾಕುವ ತೂಕದ ಸೀಸ, ಅಚ್ಚಿನಿಂದ ನೇರ ನೀರಿಗೆ, ಬುಡಕ್ಕೆ ಗ್ಯಾಸ್ ಚೆಕ್ ಎಂಬ ಪುಟ್ಟ ತಾಮ್ರದ ಟೋಪಿ, ಗುಂಡನ್ನು ಒಂದೇ ವ್ಯಾಸಕ್ಕೆ ತರುವ 0.309 ಇಂಚಿನ ಸೈಜಿಂಗ್ ಡೈ, ಜಾರಲೆಂದು ಸವರುವ ಲಿಕ್ವಿಡ್ ಅಲಾಕ್ಸ್ ಲೇಪ. ಮದ್ದು ಬೇಗ ಉರಿಯುವ ಪಿಸ್ತೂಲ್ ಜಾತಿಯದು, ಪ್ರಕಟಿತ ಕೋಷ್ಟಕದಲ್ಲಿ ಇರುವಷ್ಟೇ ಹಾಕುತ್ತೇನೆ. ಕೆಲವು ದಿನ ಎರಡು ಇಂಚಿನ ಗುಂಪು ಬರುತ್ತದೆ, ಕೆಲವು ದಿನ ಆರು ಇಂಚು. ಮೊದಲ ನಾಲ್ಕೈದು ಈಡು ಚೆನ್ನಾಗಿ ಬಿದ್ದು ಆಮೇಲೆ ಚದುರುವುದೂ ಉಂಟು. ನಳಿಗೆಯೊಳಗೆ ಬೂದು ಬಣ್ಣದ ಗೆರೆಗಳು ಕಾಣುತ್ತವೆ. ಮೈಕ್ರೋ-ಗ್ರೂವ್‌ಗೆ ಎರಕದ ಗುಂಡು ಆಗುವುದೇ ಇಲ್ಲ ಎನ್ನುತ್ತಾನೆ ಒಬ್ಬ ಗೆಳೆಯ. ಇನ್ನೂ ಗಟ್ಟಿ ಲೋಹ ಬಳಸು, ಲೈನೋಟೈಪ್ ಹಾಕು ಎನ್ನುತ್ತಾನೆ ಇನ್ನೊಬ್ಬ. ಯಾವುದನ್ನು ಬದಲಿಸಲಿ?

ತಜ್ಞರ ಉತ್ತರ: ಸದ್ಯಕ್ಕೆ ಯಾವುದನ್ನೂ ಬದಲಿಸಬೇಡಿ. ತುಂಬಿಟ್ಟ ತೋಟಾಗಳಲ್ಲಿ ಮೂರನ್ನು ಬಿಚ್ಚಿ, ಒಳಗಿನ ಗುಂಡನ್ನು ಮೈಕ್ರೋಮೀಟರಿನಲ್ಲಿ ಅಳೆಯಿರಿ. ನಿಮ್ಮ ಪತ್ರದಲ್ಲಿ ಸೈಜಿಂಗ್ ಡೈಯ ಅಳತೆ ಇದೆ. ನಳಿಗೆಯ ಅಳತೆ ಇಲ್ಲ, ಕೇಸಿನೊಳಗೆ (ತೋಟಾದ ಹಿತ್ತಾಳೆಯ ಕೊಳವೆಯೊಳಗೆ) ಕೂತ ಮೇಲೆ ಗುಂಡು ಎಷ್ಟಿದೆ ಎಂಬುದೂ ಇಲ್ಲ. ಎರಕದ ಗುಂಡಿನ ತೊಂದರೆಗಳಲ್ಲಿ ಹೆಚ್ಚಿನವು ಅಲ್ಲೇ ಅಡಗಿರುತ್ತವೆ. ಗುರಿ ನಿರ್ಧಾರವಾಗುವುದು ನಳಿಗೆಯ ಬಾಯಿಗೆ ಗುಂಡು ಹೊಕ್ಕುವಾಗ ಅದರ ವ್ಯಾಸ ಎಷ್ಟಿದೆ ಎಂಬುದರಿಂದ. ಮೇಜಿನ ಮೇಲೆ ಅದು ಎಷ್ಟಿತ್ತು ಎಂಬುದು ಅಲ್ಲಿ ಲೆಕ್ಕಕ್ಕೆ ಬರುವುದಿಲ್ಲ.

ನಿಮ್ಮ ಪತ್ರದಲ್ಲಿ ಎರಡು ಸುಳಿವು ಸ್ಪಷ್ಟವಾಗಿವೆ. ಅಂಗಡಿಯ ತೋಟಾ ಎರಡೂವರೆ ಇಂಚಿಗೆ ಬೀಳುತ್ತದೆ ಅಂದರೆ ರೈಫಲ್, ಸೈಟು, ನಿಮ್ಮ ಕೈ ಮೂರೂ ಸರಿ ಇವೆ. ಮೊದಲ ನಾಲ್ಕೈದು ಈಡು ಒಟ್ಟಿಗೆ ಬಿದ್ದು ಆಮೇಲೆ ಚದುರಿದರೆ, ಜೊತೆಗೆ ಬೂದು ಗೆರೆ ಕಂಡರೆ, ನಳಿಗೆಯಲ್ಲಿ ಸೀಸ ಅಂಟುತ್ತಾ ಹೋಗುತ್ತಿದೆ. ಪ್ರತಿ ಈಡಿಗೂ ನಳಿಗೆಯ ಒಳಮೈ ಬದಲಾಗುತ್ತಿರುವಾಗ ಗುಂಪು ಒಂದೇ ರೀತಿ ಬರಲು ಸಾಧ್ಯವಿಲ್ಲ. ಹಾಗಾಗಿ ಸೀಸ ಯಾಕೆ ಅಂಟುತ್ತಿದೆ ಎಂಬುದೇ ನಿಜವಾದ ಪ್ರಶ್ನೆ.

ಮೊದಲು ಗೆಳೆಯರ ಮಾತು. ಮೈಕ್ರೋ-ಗ್ರೂವ್‌ಗೆ ಎರಕದ ಗುಂಡು ಆಗದು ಎಂಬುದು ಮಾರ್ಲಿನ್ ಕಂಪನಿ 1950ರ ದಶಕದಲ್ಲಿ ಈ ನಳಿಗೆ ತಂದಾಗಿನಿಂದ ಓಡಾಡುತ್ತಿರುವ ಮಾತು. ಅದಕ್ಕೆ ಕಾರಣವೂ ಇದೆ. ಮಾಮೂಲಿ .30 ನಳಿಗೆಯಲ್ಲಿ ನಾಲ್ಕೋ ಆರೋ ಆಳವಾದ ಗಾಡಿಗಳಿದ್ದರೆ (ಗುಂಡು ತಿರುಗಲೆಂದು ಒಳಮೈಯಲ್ಲಿ ಸುರುಳಿಯಾಗಿ ಕೊರೆದ ಗೀರುಗಳು) ಇದರಲ್ಲಿ ಆಳ ಕಡಿಮೆಯ ಹನ್ನೆರಡು ಇರುತ್ತವೆ. ಆಳ ಕಡಿಮೆಯಾದ್ದರಿಂದ ಸಣ್ಣ ಗುಂಡಿಗೆ ಹಿಡಿತ ಸಿಗುವುದಿಲ್ಲ. ಆಳವಾದ ಗಾಡಿಯ ನಳಿಗೆ ಇಂಚಿನ ಅರ್ಧ ಸಾವಿರಾಂಶದಷ್ಟು ಸಣ್ಣದಾದ ಗುಂಡನ್ನು ಹೇಗೋ ನಿಭಾಯಿಸುತ್ತದೆ, ಇದು ನಿಭಾಯಿಸುವುದಿಲ್ಲ. ಗುಂಡು ದಪ್ಪಗಿದ್ದರೆ ಮೈಕ್ರೋ-ಗ್ರೂವ್ ಎರಕದ ಗುಂಡನ್ನು ಚೆನ್ನಾಗಿಯೇ ಹೊಡೆಯುತ್ತದೆ. ಈ ನಳಿಗೆಗಳಲ್ಲಿ 0.310 ಅಥವಾ 0.311 ಇಂಚಿಗೆ ಸೈಜ್ ಮಾಡಿದ ಗುಂಡು ಸರಿ ಹೋಗುವುದೇ ಹೆಚ್ಚು.

ಗಟ್ಟಿ ಲೋಹದ ಸಲಹೆ ಇದಕ್ಕಿಂತ ಹೆಚ್ಚು ದಾರಿ ತಪ್ಪಿಸುತ್ತದೆ. ಶುದ್ಧ ಸೀಸದ ಗಡಸು ಬ್ರಿನೆಲ್ ಅಳತೆಯಲ್ಲಿ ಸುಮಾರು 5. ಕ್ಲಿಪ್ ಇರುವ ಚಕ್ರದ ತೂಕದ ಸೀಸ ಗಾಳಿಯಲ್ಲಿ ಆರಿದರೆ ಸುಮಾರು 12. ನೂರಕ್ಕೆ ತೊಂಬತ್ತು ಸೀಸ, ಐದು ತವರ, ಐದು ಆಂಟಿಮನಿ ಸೇರಿಸಿದ ಲೈಮನ್ ನಂಬರ್ 2 ಮಿಶ್ರಣ 15ರ ಆಸುಪಾಸು. ಅಚ್ಚುಮೊಳೆಗಳಿಗೆ ಬಳಸುತ್ತಿದ್ದ ಲೈನೋಟೈಪ್ ಸುಮಾರು 22. ನೀವು ನೀರಿಗೆ ಬೀಳಿಸುವ ಚಕ್ರದ ಸೀಸ ಕೂಡ 18ರಿಂದ 22ರವರೆಗೆ ಹೋಗುತ್ತದೆ. ಅಂದರೆ ನಿಮ್ಮ ಗುಂಡು ಈಗಾಗಲೇ ಲೈನೋಟೈಪಿನಷ್ಟೇ ಗಟ್ಟಿ! .30-30ರ ಸಾಧಾರಣ ವೇಗಕ್ಕೆ, ಗ್ಯಾಸ್ ಚೆಕ್ಕೂ ಇರುವಾಗ, 12ರಿಂದ 15 ಧಾರಾಳ ಸಾಕು.

ಗುಂಡು ನಳಿಗೆಗಿಂತ ಸಣ್ಣದಿದ್ದು ಗಟ್ಟಿಯೂ ಆಗಿದ್ದರೆ ಮದ್ದಿನ ಒತ್ತಡ ಅದನ್ನು ಉಬ್ಬಿಸಿ ಸಂದು ಮುಚ್ಚಿಸಲಾರದು. ಸಡಿಲವಾದ ಗ್ಯಾಸ್ಕೆಟ್ ಇರುವ ಕುಕ್ಕರಿನಿಂದ ಹಬೆ ಪಕ್ಕದಲ್ಲಿ ನುಗ್ಗುವ ಹಾಗೆ, ಉರಿಯುವ ಅನಿಲ ಗುಂಡಿನ ಬದಿಯಲ್ಲಿ ನುಗ್ಗಿ ಸೀಸವನ್ನು ಕೊರೆದು ಮುಂದಿನ ಲೋಹದ ಮೇಲೆ ಬಳಿಯುತ್ತದೆ. ಇಂಥ ಕಡೆ ಗಡಸು ಹೆಚ್ಚಿಸಿದರೆ ಸೀಸ ಇನ್ನೂ ಹೆಚ್ಚು ಅಂಟುತ್ತದೆ. ಗ್ಯಾಸ್ ಚೆಕ್ ಇದೆಯಲ್ಲ ಎಂದು ಕೇಳಬಹುದು. ಅದು ಬುಡವನ್ನು ಕಾಯುತ್ತದೆ ನಿಜ, ಆದರೆ ಸಣ್ಣ ಗುಂಡನ್ನು ದೊಡ್ಡದು ಮಾಡುವುದಿಲ್ಲ.

ಈಗ ಅಳತೆಗೆ ಬರೋಣ. ಮೊದಲು ನಳಿಗೆಯಲ್ಲಿ ಕೂತ ತಾಮ್ರವನ್ನು ತಾಮ್ರ ಕರಗಿಸುವ ದ್ರಾವಣದಿಂದ ಪೂರ್ತಿ ತೆಗೆಯಿರಿ, ಸೀಸವನ್ನೂ ತೆಗೆಯಿರಿ. ಹೊದಿಕೆ ಗುಂಡು ಹೊಡೆದ ನಳಿಗೆಯಲ್ಲಿ ತಾಮ್ರ ಉಳಿದಿದ್ದರೆ ಅದರ ಮೇಲೆ ಸೀಸ ಬೇಗ ಅಂಟುತ್ತದೆ. ಆಮೇಲೆ ಗಾಳದ ಅಂಗಡಿಯಲ್ಲಿ ಸಿಗುವ ಮೆದು ಸೀಸದ ಮೊಟ್ಟೆಯಾಕಾರದ ತೂಕವೊಂದನ್ನು, ನಳಿಗೆಗಿಂತ ತುಸು ದಪ್ಪಗಿರುವುದನ್ನು, ತೆಗೆದುಕೊಳ್ಳಿ. ನಳಿಗೆಗೂ ಅದಕ್ಕೂ ಎಣ್ಣೆ ಸವರಿ, ತೂಕವನ್ನು ಮೂತಿಯಲ್ಲಿಟ್ಟು ಮರದ ಸುತ್ತಿಗೆಯಿಂದ ಬಡಿದು ಒಳ ಸೇರಿಸಿ, ಹಿತ್ತಾಳೆಯ ಸರಳಿನಿಂದ ಒಂದೇ ಸಮ ತಳ್ಳಿ ಹೊರತೆಗೆಯಿರಿ. ತಳ್ಳುವಾಗ ಕೈಗೆ ತಿಳಿಯುವುದನ್ನು ಗಮನಿಸಿ. ಎಲ್ಲಾದರೂ ಬಿಗಿಯಾಯಿತೇ, ಸೈಟಿನ ಗಾಡಿ ಕೊರೆದ ಜಾಗದಲ್ಲಿ ಸಡಿಲವಾಯಿತೇ ನೋಡಿ. ಹೊರಬಂದ ತುಂಡಿನ ದೊಡ್ಡ ವ್ಯಾಸವೇ ನಿಮ್ಮ ನಳಿಗೆಯ ಗಾಡಿಯ ವ್ಯಾಸ. ಹನ್ನೆರಡು ಸಮಸಂಖ್ಯೆಯಾದ್ದರಿಂದ ಗಾಡಿಗೆ ಎದುರು ಗಾಡಿ ಬರುತ್ತದೆ, ಮಾಮೂಲಿ ಮೈಕ್ರೋಮೀಟರಿನಲ್ಲೇ ಅಳೆಯಬಹುದು. ಕ್ಯಾಲಿಪರ್ ಈ ಕೆಲಸಕ್ಕೆ ಬೇಡ. ಅದು ಒಂದು ಸಾವಿರಾಂಶ ಅತ್ತಿತ್ತ ತೋರಿಸಬಹುದು, ನಾವು ಹುಡುಕುತ್ತಿರುವುದೇ ಆ ಒಂದು ಸಾವಿರಾಂಶವನ್ನು. ಗುಂಡು ಈ ಅಳತೆಗಿಂತ 0.001ರಿಂದ 0.002 ಇಂಚು ದಪ್ಪ ಇರಬೇಕು.

ಇನ್ನು ತೋಟಾ ಬಿಚ್ಚುವುದು. ಕಾಲೆಟ್ ಪುಲ್ಲರ್ ಆದರೂ ಸರಿ, ಸುತ್ತಿಗೆ ಮಾದರಿಯದಾದರೂ ಸರಿ. ಹೊರಬಂದ ಗುಂಡಿನ ಬುಡದ ಕಡೆಯ ಪಟ್ಟಿಯನ್ನು ಅಳೆಯಿರಿ, ಅದೇ ಸಾಲಿನಲ್ಲಿ ಸೈಜ್ ಮಾಡಿ ಇನ್ನೂ ಕೇಸಿಗೆ ಸೇರಿಸದ ಗುಂಡನ್ನೂ ಅಳೆಯಿರಿ. ಕೇಸಿಗೆ ಸೇರಿಸದ್ದು 0.309, ಬಿಚ್ಚಿ ತೆಗೆದದ್ದು 0.3075 ಎಂದು ಬಂದರೆ ಕಳ್ಳ ಸಿಕ್ಕಂತೆ. ಹೊದಿಕೆ ಗುಂಡಿಗೆಂದು ಮಾಡಿದ ಮಾಮೂಲಿ ಡೈಯ ಎಕ್ಸ್‌ಪ್ಯಾಂಡರ್, ಅಂದರೆ ಕುತ್ತಿಗೆ ಹಿಗ್ಗಿಸುವ ಗುಬುಟು, ಕೇಸಿನ ಕುತ್ತಿಗೆಯನ್ನು 0.308ಕ್ಕಿಂತಲೂ ಸಣ್ಣಗೆ ಬಿಡುತ್ತದೆ. ತಾಮ್ರದ ಹೊದಿಕೆ ಆ ಬಿಗಿಯನ್ನು ತಡೆದುಕೊಳ್ಳುತ್ತದೆ. ಸೀಸ ತಡೆದುಕೊಳ್ಳದೆ ಕುತ್ತಿಗೆಯೊಳಗೇ ಕಿರಿದಾಗುತ್ತದೆ. ಹಿತ್ತಾಳೆ ಎಷ್ಟು ಸಲ ಬಳಕೆಯಾಗಿದೆ, ಎಷ್ಟು ಗಡಸಾಗಿದೆ ಎಂಬುದರ ಮೇಲೆ ಈ ಹಿಸುಕುವಿಕೆ ಒಂದೊಂದು ಕೇಸಿಗೆ ಒಂದೊಂದು ಥರ. ಒಳ್ಳೆಯ ದಿನ, ಕೆಟ್ಟ ದಿನ ಎಂದು ನೀವು ಬರೆದಿರುವುದರ ಒಂದು ಭಾಗ ಇದೇ ಇರಬಹುದು. ಹಳೆಯ ಕೇಸು, ಹೊಸ ಕೇಸು ಬೆರೆಸಿ ತುಂಬುತ್ತಿದ್ದರಂತೂ ಖಂಡಿತ ನೋಡಬೇಕಾದ ಜಾಗ.

ಪರಿಹಾರ ಅಗ್ಗ. ಲೈಮನ್‌ನವರ ಎಂ-ಡೈ ಅಥವಾ ಅದೇ ಬಗೆಯ, ಎರಕದ ಗುಂಡಿಗೆಂದೇ ಮಾಡಿದ ಎಕ್ಸ್‌ಪ್ಯಾಂಡರ್ ತನ್ನಿ. ಅದು ಕುತ್ತಿಗೆಯನ್ನು ಗುಂಡಿಗಿಂತ ಒಂದೆರಡು ಸಾವಿರಾಂಶ ಮಾತ್ರ ಸಣ್ಣದಾಗುವಷ್ಟು ಹಿಗ್ಗಿಸಿ, ಬಾಯಿಯಲ್ಲಿ ಗುಂಡು ನೆಟ್ಟಗೆ ನಿಲ್ಲಲು ಸಣ್ಣ ಮೆಟ್ಟಿಲು ಮಾಡುತ್ತದೆ. ಗ್ಯಾಸ್ ಚೆಕ್ಕಿನ ಅಂಚು ಕೇಸಿನ ಬಾಯಿಗೆ ತಾಗದೆ, ಸೀಸ ಹೆರೆದುಹೋಗದೆ ಗುಂಡು ಕೂರುತ್ತದೆ.

ದಪ್ಪ ಗುಂಡಿಗೆ ಹೋಗುವ ಮುನ್ನ ಒಂದು ಪರೀಕ್ಷೆ ತಪ್ಪಿಸಲೇಬಾರದು. ನಿಮ್ಮ ರೈಫಲಿನಲ್ಲಿ ಹೊಡೆದು, ಇನ್ನೂ ಸೈಜ್ ಮಾಡದ ಕೇಸಿನ ಬಾಯಿಗೆ ಆ ಗುಂಡನ್ನು ಬೆರಳಿನಿಂದ ಇಳಿಸಿ ನೋಡಿ. ಸಲೀಸಾಗಿ ಇಳಿದರೆ ಸರಿ. ಇಳಿಯದಿದ್ದರೆ ಚೇಂಬರಿನಲ್ಲಿ (ನಳಿಗೆಯ ಹಿಂಬದಿ ತೋಟಾ ಕೂರುವ ಜಾಗದಲ್ಲಿ) ಕುತ್ತಿಗೆ ಹಿಗ್ಗಲು ಜಾಗವಿಲ್ಲ ಎಂದರ್ಥ. ಗುಂಡು ಬಿಡುಗಡೆಯಾಗದೆ ಒತ್ತಡ ಅಪಾಯದ ಮಟ್ಟಕ್ಕೆ ಏರುತ್ತದೆ, ಆ ಅಳತೆ ನಿಮಗಲ್ಲ.

0.311 ಸೈಜಿಂಗ್ ಡೈ ತಂದರೆ ಮುಗಿಯಿತೇ? ಅಚ್ಚಿನಿಂದಲೇ ಗುಂಡು 0.3095 ಬರುತ್ತಿದ್ದರೆ ಯಾವ ಡೈಯೂ ಅದನ್ನು ದಪ್ಪ ಮಾಡದು. ಸೈಜ್ ಮಾಡುವ ಮುನ್ನ ಅಳೆದು ನೋಡಿ. ಕಡಿಮೆ ಇದ್ದರೆ ಮೂರು ದಾರಿಗಳಿವೆ. ಅಚ್ಚಿನ ಎರಡು ಹೋಳುಗಳು ಕೂಡುವ ಮುಖಕ್ಕೆ ಶಾಖ ತಾಳುವ ಅಲ್ಯೂಮಿನಿಯಂ ಟೇಪಿನ ಸಣ್ಣ ತುಂಡು ಅಂಟಿಸಿದರೆ ಒಂದೆರಡು ಸಾವಿರಾಂಶ ಹೆಚ್ಚುತ್ತದೆ, ಆದರೆ ಗುಂಡು ತುಸು ಅಂಡಾಕಾರವಾಗಿ ಬರುತ್ತದೆ ಮತ್ತು ಸೈಜಿಂಗ್ ಅದನ್ನು ದುಂಡಗೆ ಮಾಡಬೇಕು. ಗುಂಡಿಗೆ ಬಣ್ಣದ ಪುಡಿ ಹಚ್ಚಿ ಬೇಯಿಸುವ ಪೌಡರ್ ಕೋಟಿಂಗ್ ಮಾಡಿದರೂ ವ್ಯಾಸ ಅಷ್ಟೇ ಹೆಚ್ಚುತ್ತದೆ. ಇಲ್ಲವೇ 0.311 ಕೊಡುವ ಅಚ್ಚನ್ನೇ ಕೊಳ್ಳಿ. .30-30ಗೆ ಲೈಮನ್ 311041 ಅಚ್ಚು ಹಳೆಯ ನಂಬಿಕಸ್ಥ. ನನ್ನ ಒಲವು ಕೊನೆಯ ದಾರಿಯ ಕಡೆಗೆ. ಟೇಪು ಪ್ರಯೋಗಕ್ಕೆ ಸರಿ, ವರ್ಷಗಟ್ಟಲೆ ನಡೆಸುವ ಕೆಲಸಕ್ಕಲ್ಲ. ಯಾವ ಅಚ್ಚಾದರೂ ಮೂತಿ ಚಪ್ಪಟೆಯೇ ಇರಲಿ. ನಿಮ್ಮದು ಕೊಳವೆ ಮ್ಯಾಗಜಿನ್, ಒಂದು ಗುಂಡಿನ ಮೂತಿ ಮುಂದಿನ ತೋಟಾದ ಪ್ರೈಮರಿಗೆ (ಪೆಟ್ಟು ಬಿದ್ದರೆ ಮದ್ದಿಗೆ ಕಿಡಿ ಹೊತ್ತಿಸುವ ಬುಡದ ಬಿಲ್ಲೆಗೆ) ತಾಗಿಕೊಂಡೇ ಇರುತ್ತದೆ.

ಪೌಡರ್ ಕೋಟಿಂಗ್ ಆರಿಸಿದರೆ ಒಂದು ಸಂಗತಿ ಗೊತ್ತಿರಲಿ. ಸುಮಾರು 200 ಡಿಗ್ರಿ ಸೆಲ್ಸಿಯಸ್‌ನಲ್ಲಿ 20 ನಿಮಿಷ ಬೇಯಿಸುವಾಗ, ನೀರಿಗೆ ಬೀಳಿಸಿ ಗಳಿಸಿದ ಗಡಸು ಇಳಿದುಹೋಗುತ್ತದೆ. ನಿಮ್ಮ ವಿಷಯದಲ್ಲಿ ಅದು ನಷ್ಟವೇನಲ್ಲ.

ನೀರಿಗೆ ಬೀಳಿಸುವುದರಲ್ಲಿ ಗಡಸು ಹೆಚ್ಚುವುದಕ್ಕಿಂತ ದೊಡ್ಡ ತೊಂದರೆ ಅದು ಒಂದೇ ಸಮ ಹೆಚ್ಚದಿರುವುದು. ಅಚ್ಚು ಬಿಸಿಯಾಗಿದ್ದಾಗ ಬಿದ್ದ ಗುಂಡು ಒಂದು ಗಡಸು, ತುಸು ತಣಿದ ಮೇಲೆ ಬಿದ್ದದ್ದು ಇನ್ನೊಂದು. ಬಿದ್ದ ಮೇಲೂ ಆಂಟಿಮನಿ ಇರುವ ಸೀಸ ದಿನಗಟ್ಟಲೆ ಗಟ್ಟಿಯಾಗುತ್ತಾ ಹೋಗುತ್ತದೆ. ಶನಿವಾರ ಎರಕ ಹೊಯ್ದು ಭಾನುವಾರ ಹೊಡೆದ ಗುಂಡೂ, ಅದೇ ಡಬ್ಬಿಯದನ್ನು ಮೂರು ವಾರ ಬಿಟ್ಟು ಹೊಡೆದದ್ದೂ ಒಂದೇ ಅಲ್ಲ. ಗಾಳಿಯಲ್ಲೇ ಆರಿಸಿ, ಒಂದೆರಡು ವಾರ ಬಿಟ್ಟು ಬಳಸಿ. ಪೆನ್ಸಿಲಿನಿಂದ ಗೀರಿ ಗಡಸು ನೋಡುವ ವಿಧಾನ ಬೇರೆ ಬೇರೆ ಗಡಸಿನ ಗುಂಡುಗಳನ್ನು ವಿಂಗಡಿಸಲು ಸಾಕಾಗುತ್ತದೆ.

ಲೋಹದ ಬಗ್ಗೆಯೂ ಎಚ್ಚರ ಬೇಕು. ಚಕ್ರದ ತೂಕ ಎಂದರೆ ಈಗ ಸೀಸ ಎಂದೇ ಅರ್ಥವಲ್ಲ. ಕ್ಯಾಲಿಫೋರ್ನಿಯಾದಂಥ ರಾಜ್ಯಗಳು ಸೀಸದ ತೂಕವನ್ನು ನಿಷೇಧಿಸಿದ ಮೇಲೆ ಸತು, ಉಕ್ಕಿನವು ಮಾರುಕಟ್ಟೆ ತುಂಬಿವೆ. ಉಕ್ಕು ತೇಲುತ್ತದೆ, ತೊಂದರೆ ಇಲ್ಲ. ಸತು ಕರಗುವುದು 419 ಡಿಗ್ರಿಯಲ್ಲಿ, ಸೀಸ 327ರಲ್ಲಿ. ಕರಗಿಸುವಾಗ 370 ದಾಟಿಸದಿದ್ದರೆ ಸತು ಮೇಲೆ ತೇಲಿ ಬರುತ್ತದೆ, ಸೌಟಿನಿಂದ ತೆಗೆದುಹಾಕಬಹುದು. ಒಮ್ಮೆ ಬೆರೆತರೆ ಲೋಹ ಗಂಜಿಯ ಹಾಗಾಗಿ ಅಚ್ಚಿನ ಮೂಲೆ ತುಂಬದು, ತೂಕವೂ ಏರುಪೇರು. ಅಂಟಿಸುವ ಬಗೆಯ ತೂಕ ಬಹುಮಟ್ಟಿಗೆ ಮೆದು ಸೀಸ, ಅದನ್ನು ಬೇರೆ ಇಡಿ. ಹಳೆಯ ಕಾರ್ ಬ್ಯಾಟರಿಯ ಸೀಸವನ್ನಂತೂ ಮುಟ್ಟಬೇಡಿ, ಕರಗಿಸಿದಾಗ ವಿಷಾನಿಲ ಬರುವ ಅಪಾಯವಿದೆ.

ಎರಕದಲ್ಲಿ ಗಮನವೆಲ್ಲ ಬುಡದ ಮೇಲಿರಲಿ. ಮೂತಿಯಲ್ಲಿ ಸಣ್ಣ ಸುಕ್ಕಿದ್ದರೆ 100 ಗಜದಲ್ಲಿ ಗೊತ್ತೇ ಆಗದಿರಬಹುದು, ಬುಡದ ಅಂಚು ಒಂದು ಕಡೆ ದುಂಡಗಾದರೆ ಅನಿಲ ಆ ಕಡೆಯಿಂದ ಮೊದಲು ಹೊರನುಗ್ಗಿ ಗುಂಡನ್ನು ಓರೆ ಮಾಡುತ್ತದೆ. ಮೇಲಿನ ಲೋಹ ಪೂರ್ತಿ ಗಟ್ಟಿಯಾಗುವ ಮುನ್ನ ಅಚ್ಚಿನ ಮೇಲೆ ಉಳಿದ ಲೋಹ ಕತ್ತರಿಸುವ ಸ್ಪ್ರೂ ಪಟ್ಟಿ ತಿರುಗಿಸಿದರೆ ಬುಡ ಕಿತ್ತುಬರುತ್ತದೆ. ಮೈಯೆಲ್ಲ ಸುಕ್ಕಿದ್ದರೆ ಅಚ್ಚು ತಣ್ಣಗಿದೆ ಅಥವಾ ಎಣ್ಣೆ ಉಳಿದಿದೆ. ನೂರಕ್ಕೆ ಎರಡರಷ್ಟು ತವರ ಸೇರಿಸಿದರೆ ಅಂಚು ಚೂಪಾಗಿ ತುಂಬುತ್ತದೆ. ಗ್ಯಾಸ್ ಚೆಕ್ ಓರೆಯಾಗಿ ಕೂತ ಗುಂಡನ್ನು ಎರಡನೆಯ ಯೋಚನೆಯಿಲ್ಲದೆ ಮತ್ತೆ ಕುಲುಮೆಗೆ ಹಾಕಿ. ಉಳಿದದ್ದನ್ನು ತೂಗಿ, ಅರ್ಧ ಗ್ರೇನಿನ ಆಚೀಚೆ ಒಟ್ಟು ಮಾಡಿ. ತುಂಬ ಹಗುರಾದದ್ದರೊಳಗೆ ಗಾಳಿಗುಳ್ಳೆ ಇರುತ್ತದೆ.

ನಳಿಗೆಯ ಯಾವ ಭಾಗದಲ್ಲಿ ಸೀಸ ಕೂತಿದೆ ಎಂಬುದು ಕಾರಣ ಹೇಳುತ್ತದೆ. ಚೇಂಬರಿನ ಮುಂದೆಯೇ ಇದ್ದರೆ ಗುಂಡು ಸಣ್ಣದು, ಅನಿಲ ಪಕ್ಕದಲ್ಲಿ ನುಗ್ಗುತ್ತಿದೆ. ಮೂತಿಯ ಕಡೆ ಮಾತ್ರ ಇದ್ದರೆ ಲ್ಯೂಬ್ (ಗುಂಡಿನ ಜಾರು ಲೇಪ) ಸಾಲುತ್ತಿಲ್ಲ. ಮೂತಿಯ ಸುತ್ತ ತೆಳುವಾಗಿ ಜಿಡ್ಡಿನ ನಕ್ಷತ್ರ ಕಂಡರೆ ಲ್ಯೂಬ್ ಸಾಕಷ್ಟಿದೆ. ಲಿಕ್ವಿಡ್ ಅಲಾಕ್ಸ್ ದಪ್ಪಗೆ ಸುರಿದರೂ ಮೊದಲ ಈಡು ಬೇರೆ ಕಡೆ ಹೋಗುತ್ತದೆ, ತೆಳು ಲೇಪ ಎರಡು ಸಲ ಸಾಕು. ಟೆಕ್ಸಾಸಿನ ಬೇಸಿಗೆಯಲ್ಲಿ ಕಾರಿನೊಳಗೆ ತೋಟಾ ಬಿಟ್ಟರೆ ಮೆದು ಲ್ಯೂಬ್ ಕರಗಿ ಮದ್ದಿಗೆ ಇಳಿಯಬಹುದು.

ಅಂಟಿದ ಸೀಸ ತೆಗೆಯಲು ಹಳೆಯ ಬ್ರಷ್‌ಗೆ ಶುದ್ಧ ತಾಮ್ರದ ಪಾತ್ರೆ ಉಜ್ಜುವ ನಾರನ್ನು ಸುತ್ತಿ ಉಜ್ಜಿ. ಮೊದಲು ಅಯಸ್ಕಾಂತ ಹಿಡಿಯಿರಿ, ಅಂಟಿಕೊಂಡರೆ ಅದು ತಾಮ್ರ ಬಳಿದ ಉಕ್ಕು, ಬೇಡ. 336ರಲ್ಲಿ ಲಿವರಿನ ತಿರುಪು ಬಿಚ್ಚಿದರೆ ಬೋಲ್ಟ್ ಹಿಂದಕ್ಕೆ ಹೊರಬರುತ್ತದೆ, ಮೂತಿ ಸವೆಸದೆ ಹಿಂದಿನಿಂದಲೇ ಶುಚಿ ಮಾಡಬಹುದು. ಎಜೆಕ್ಟರ್ ಜಾರಿ ಬಿದ್ದೀತು, ಹಿಡಿದುಕೊಳ್ಳಿ. ವಿನೆಗರ್ ಜೊತೆ ಹೈಡ್ರೋಜನ್ ಪೆರಾಕ್ಸೈಡ್ ಬೆರೆಸುವ ಉಪಾಯ ಕೆಲವರು ಹೇಳುತ್ತಾರೆ. ಅದು ಮೈಗೆ ಹತ್ತುವ ಸೀಸದ ಲವಣವನ್ನು ಹುಟ್ಟಿಸುತ್ತದೆ, ಉಕ್ಕನ್ನೂ ತಿನ್ನುತ್ತದೆ. ಮಾಡಬೇಡಿ.

ವ್ಯಾಸ ಸರಿಹೋದ ಮೇಲೂ ಗುಂಪು ಮೇಲೆ ಕೆಳಗೆ ಹರಡಿದರೆ ಮದ್ದಿನ ಕಡೆ ನೋಡಿ. ಬೇಗ ಉರಿಯುವ ಮದ್ದು ಕೇಸಿನ ಸ್ವಲ್ಪ ಭಾಗವನ್ನಷ್ಟೇ ತುಂಬುತ್ತದೆ. ಒಮ್ಮೆ ಪ್ರೈಮರಿನ ಹತ್ತಿರ, ಒಮ್ಮೆ ಗುಂಡಿನ ಹತ್ತಿರ ಬಿದ್ದಿರುತ್ತದೆ. ಗುಂಡಿನ ವೇಗ ಅಳೆಯುವ ಕ್ರೋನೋಗ್ರಾಫ್ ಇಟ್ಟು ಐದು ಈಡು ಮೂತಿ ಮೇಲೆತ್ತಿ ನಿಧಾನ ಇಳಿಸಿ ಹೊಡೆಯಿರಿ, ಐದು ಮೂತಿ ಕೆಳಗಿಟ್ಟು ಎತ್ತಿ ಹೊಡೆಯಿರಿ, ಎರಡೂ ಸಲ ಮೂತಿ ಗುರಿದಿಬ್ಬದ ಕಡೆಗೇ ಇರಲಿ. ಎರಡರ ಸರಾಸರಿ ವೇಗದಲ್ಲಿ ಸೆಕೆಂಡಿಗೆ ನೂರು ಅಡಿಯಷ್ಟು ಅಂತರ ಬಂದರೆ, ಕೇಸನ್ನು ಹೆಚ್ಚು ತುಂಬುವ ಬೇರೆ ಮದ್ದಿಗೆ ಹೋಗಿ. ಪ್ರಮಾಣ ಪ್ರಕಟಿತ ಕೋಷ್ಟಕದ್ದೇ ಆಗಿರಲಿ. ಮದ್ದನ್ನು ಹಿಂದೆ ನಿಲ್ಲಿಸಲು ಹತ್ತಿ, ಡ್ಯಾಕ್ರಾನ್ ತುರುಕಬೇಡಿ, ಚೇಂಬರಿನಲ್ಲಿ ಉಂಗುರದಂಥ ಉಬ್ಬು ಬಂದ ರೈಫಲುಗಳಿವೆ. ನಿಧಾನ ಉರಿಯುವ ಮದ್ದನ್ನು ಕೋಷ್ಟಕದ ಕನಿಷ್ಠಕ್ಕಿಂತ ಇಳಿಸಲೂ ಬೇಡಿ. ನಿಮ್ಮದು ಕಡಿಮೆ ಗಾತ್ರದ ಮದ್ದು, ಎರಡು ಸಲ ಬಿದ್ದರೂ ಕೇಸಿನಿಂದ ಚೆಲ್ಲುವುದಿಲ್ಲ. ಗುಂಡು ಕೂರಿಸುವ ಮುನ್ನ ಟ್ರೇಯ ಎಲ್ಲ ಕೇಸಿಗೂ ಟಾರ್ಚ್ ಬಿಟ್ಟು ಮಟ್ಟ ನೋಡಲೇಬೇಕು. ಈಡಿನ ಸದ್ದು ಸಣ್ಣದಾಗಿ ಕೇಳಿದರೆ ಅಲ್ಲೇ ನಿಲ್ಲಿಸಿ, ರೈಫಲ್ ಖಾಲಿ ಮಾಡಿ, ಗುಂಡು ನಳಿಗೆಯಲ್ಲಿ ಸಿಕ್ಕಿದೆಯೇ ನೋಡಿ.

ಕೇಸುಗಳ ಉದ್ದ ಏರುಪೇರಿದ್ದರೆ ಕ್ರಿಂಪೂ (ಕೇಸಿನ ಬಾಯನ್ನು ಗುಂಡಿಗೆ ಒತ್ತಿ ಹಿಡಿಸುವುದು) ಏರುಪೇರು. .30-30ರ ಗರಿಷ್ಠ 2.039 ಇಂಚು, ಎಲ್ಲವನ್ನೂ 2.029ಕ್ಕೆ ಕತ್ತರಿಸಿಕೊಳ್ಳಿ. ಮೇಜಿನ ಮೇಲೆ ಹೊಡೆಯುವಾಗ ಮರಳಚೀಲ ಮುಂಗೈ ಹಿಡಿಯ ಹಿಂಭಾಗಕ್ಕೆ ಇರಲಿ, ನಳಿಗೆಗೆ ತಾಗಬಾರದು. ಮೂರು ಈಡಿನ ಗುಂಪನ್ನು ನಂಬಬೇಡಿ, ಹತ್ತು ಈಡು ಹೊಡೆದು ನೋಡಿ. ಒಂದು ಸಲಕ್ಕೆ ಒಂದೇ ಬದಲಾವಣೆ: ಮೊದಲು ಎಕ್ಸ್‌ಪ್ಯಾಂಡರ್, ಆಮೇಲೆ ವ್ಯಾಸ, ಆಮೇಲೆ ಗಡಸು, ಕೊನೆಗೆ ಮದ್ದು.

ಸೀಸ ಕರಗಿಸುವುದು ಗಾಳಿಯಾಡುವ ಹೊರಜಾಗದಲ್ಲಿ ಆಗಬೇಕು, ಅಡುಗೆಮನೆಯ ಒಲೆ, ಪಾತ್ರೆ, ಓವನ್ ಯಾವುದೂ ಬೇಡ. ಹೊಗೆಗಿಂತ ಕೈಯಿಂದ ಬಾಯಿಗೆ ಹೋಗುವ ಕಿಟ್ಟದ ಪುಡಿ ಹೆಚ್ಚು ಅಪಾಯ. ಮನೆಯಲ್ಲಿ ಮಕ್ಕಳೋ ಬಸುರಿಯೋ ಇದ್ದರೆ ಬಟ್ಟೆ ಬದಲಿಸಿಯೇ ಒಳಬನ್ನಿ. ವೈದ್ಯರಲ್ಲಿ ವರ್ಷಕ್ಕೊಮ್ಮೆ ರಕ್ತದ ಸೀಸದ ಪರೀಕ್ಷೆ ಕೇಳಿ. ಒದ್ದೆ ಲೋಹ ಕರಗಿದ ಸೀಸಕ್ಕೆ ಬಿದ್ದರೆ ಆವಿ ಸಿಡಿದು ಪಾತ್ರೆಯೇ ಮುಖಕ್ಕೆ ಹಾರುತ್ತದೆ. ನೀರಿನ ಬಕೆಟ್ ಕುಲುಮೆಯ ಪಕ್ಕ ಇಡುವುದನ್ನು ನಿಲ್ಲಿಸಲು ಇದೂ ಒಂದು ಕಾರಣ.

ನಿಮ್ಮಂತೆ ಗ್ರೀನ್ ಕಾರ್ಡ್ ಇಲ್ಲದೆ ಎಚ್-1ಬಿ ಮುಂತಾದ ವೀಸಾದಲ್ಲಿರುವ ಕನ್ನಡಿಗರು ಗಮನಿಸಬೇಕು. ಅಮೆರಿಕದ ಫೆಡರಲ್ ಕಾನೂನಿನಲ್ಲಿ ಅಂಥವರು ಚಾಲ್ತಿಯಲ್ಲಿರುವ ಬೇಟೆ ಪರವಾನಗಿಯಂಥ ವಿನಾಯಿತಿ ಇಲ್ಲದೆ ಬಂದೂಕನ್ನೂ ತೋಟಾವನ್ನೂ ಇಟ್ಟುಕೊಳ್ಳುವಂತಿಲ್ಲ. ಸ್ವಂತ ಬಳಕೆಗೆ ತುಂಬಲು ಅಲ್ಲಿ ಫೆಡರಲ್ ಲೈಸೆನ್ಸ್ ಬೇಡ, ಮಾರಲು ಬೇಕು. ಭಾರತದಲ್ಲಿ ಓದುತ್ತಿರುವವರಿಗೆ ಇದು ಅನ್ವಯಿಸದು. 1959ರ ಶಸ್ತ್ರಾಸ್ತ್ರ ಕಾಯ್ದೆಯಡಿ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವುದು ಅಪರಾಧ. ಕೊಡಗಿನಲ್ಲಿ ಕೋವಿ ಇಟ್ಟುಕೊಳ್ಳಲು ಇರುವ ವಿನಾಯಿತಿ ಬೇರೆ ವಿಷಯ.

ಈಗಾಗಲೇ ತುಂಬಿಟ್ಟ ತೋಟಾಗಳನ್ನು ಹೊಡೆದು ಮುಗಿಸುವ ಆಸೆ ಬೇಡ, ಅವು ನಳಿಗೆಗೆ ಮತ್ತೆ ಸೀಸ ಬಳಿಯುತ್ತವೆ ಅಷ್ಟೇ. ಬಿಚ್ಚಿ, ಗುಂಡನ್ನು ಮತ್ತೆ ಕರಗಿಸಿ. ಪ್ರೈಮರ್ ಇರುವ ಕೇಸುಗಳನ್ನು ಎಕ್ಸ್‌ಪ್ಯಾಂಡರ್‌ಗೆ ಮೆಲ್ಲಗೆ ಕೊಟ್ಟು ಹಾಗೆಯೇ ಬಳಸಬಹುದು. ಮದ್ದು ಯಾವ ಡಬ್ಬಿಯದೆಂದು ಖಚಿತವಿದ್ದರೆ ಮಾತ್ರ ಅದೇ ಡಬ್ಬಿಗೆ ಹಾಕಿ, ಎಳ್ಳಷ್ಟು ಅನುಮಾನವಿದ್ದರೂ ತೋಟದ ಮಣ್ಣಿಗೆ ತೆಳುವಾಗಿ ಹರಡಿಬಿಡಿ.